‘ವಿಷಮಮುಂಡೋ?’ ಎಂದರೆ ಗಾಬರಿಯಾಗಬೇಡಿ

ಹಾಸನದ ಕಡೆಯಿಂದ ಮದುವೆಯಾಗಿ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಮನೆಗೆ ಬಂದಾಗ ನನಗೆ ಮಲಯಾಳದ ಒಂದಕ್ಷರವೂ ಬರುತ್ತಿರಲಿಲ್ಲ. ಹೆರಿಗೆಯಾದ ಮೇಲೆ ಆಸ್ಪತ್ರೆಯಲ್ಲಿ ನರ್ಸೊಬ್ಬರು ನನ್ನ ಮುಖ ನೋಡಿ ಮೆಲ್ಲಗೆ ‘ವಿಷಮಮುಂಡೋ?’ ಎಂದರು. ನನಗೆ ಗೊತ್ತಿದ್ದದ್ದು ಪತ್ರಿಕೆಗಳಲ್ಲಿ ‘ಪರಿಸ್ಥಿತಿ ವಿಷಮ’ ಎಂದು ಬರುವ ವಿಷಮ. ಮಗುವಿಗೇನೋ ಆಗಿದೆ ಎಂದು ಮಲಗಿದಲ್ಲೇ ಬೆವತುಹೋದೆ. ಅವರು ಕೇಳಿದ್ದು ‘ಬೇಸರವಾಗುತ್ತಿದೆಯಾ’ ಎಂದಷ್ಟೆ. ಆಗುತ್ತಿತ್ತು. ಅದನ್ನು ಹೇಳಲು ಮಾತಿರಲಿಲ್ಲ.

ಕೆಲಸಕ್ಕೋ ಮದುವೆಯಾಗಿಯೋ ಘಟ್ಟದ ಮೇಲಿನಿಂದ ಬರುವವರು ‘ಕಾಸರಗೋಡು ತಾನೆ, ಅಲ್ಲೂ ಕನ್ನಡವಿದೆ’ ಎಂದುಕೊಂಡು ಬರುತ್ತಾರೆ. ಇದೆ. 1956ರಲ್ಲಿ ಈ ನೆಲ ಕೇರಳಕ್ಕೆ ಸೇರಿದ ಮೇಲೂ ಶಾಲೆಯಲ್ಲಿ, ಭಜನಾ ಮಂದಿರದಲ್ಲಿ, ತಾಳಮದ್ದಳೆಯಲ್ಲಿ ಕನ್ನಡವಿದೆ. ಆದರೆ ಮನೆಯೊಳಗೆ ತುಳುವೋ ಹವ್ಯಕವೋ ಕೊಂಕಣಿಯೋ ನಡೆಯುತ್ತದೆ, ಪೇಟೆಯಲ್ಲಿ ಮಲಯಾಳ. ಎಲ್ಲರೂ ನಿಮ್ಮೊಡನೆ ಕನ್ನಡದಲ್ಲೇ ಮಾತನಾಡುತ್ತಾರೆ, ಆಮೇಲೆ ಆ ಕಡೆ ತಿರುಗಿ ಬೇರೆ ಭಾಷೆಯಲ್ಲಿ ನಗುತ್ತಾರೆ. ನಿಮ್ಮನ್ನು ನೋಡಿ ನಕ್ಕದ್ದಲ್ಲ ಎಂದು ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು.

ಆಟಿ ತಿಂಗಳಲ್ಲಂತೂ, ಅಂದರೆ ತುಳುವರ ಲೆಕ್ಕದ ಜುಲೈ-ಆಗಸ್ಟ್ ಹೊತ್ತಿನ ಮಳೆಗಾಲದಲ್ಲಿ, ಎಚ್ಚರವಾಗಿರಿ. ಮಳೆ ಹಗಲಿಡೀ ಹಂಚಿನ ಮೇಲೆ ಹೊಡೆಯುತ್ತದೆ, ಕರೆಂಟು ಹೋಗುತ್ತದೆ, ಬಟ್ಟೆ ಒಣಗುವುದಿಲ್ಲ. ಅಂಥದೊಂದು ಮಧ್ಯಾಹ್ನ ಮಗುವಿನ ತೊಟ್ಟಿಲ ಪಕ್ಕ ಕುಳಿತು ನಾನು ಕಾರಣವಿಲ್ಲದೆ ಅಳುತ್ತಿದ್ದೆ. ನೆರೆಮನೆಯ ಅಕ್ಕ ಸೆರಗಿನಲ್ಲಿ ಹಲಸಿನ ಬೀಜ ಕಟ್ಟಿಕೊಂಡು ಬಂದರು. ಏನಾಯಿತು ಎಂದು ಕೇಳಲಿಲ್ಲ. ನನ್ನ ಮುಂದೆ ಒಂದು ರಾಶಿ ಸುರಿದು, ತಮ್ಮ ಮುಂದೆ ಒಂದು ರಾಶಿ ಇಟ್ಟುಕೊಂಡು ಸಿಪ್ಪೆ ಸುಲಿಯತೊಡಗಿದರು. ಅರ್ಧ ರಾಶಿ ಮುಗಿಯುವಷ್ಟರಲ್ಲಿ ನಾನು ಎಲ್ಲವನ್ನೂ ಹೇಳಿಬಿಟ್ಟಿದ್ದೆ. ನಿಮಗೂ ಅಂಥ ಒಬ್ಬರು ಬೇಕು. ಬೇಗ ಹುಡುಕಿಕೊಳ್ಳಿ.

ಮನೆಯವರು ಜೋಯಿಸರಲ್ಲಿ ಪ್ರಶ್ನೆ ಇಡಿಸೋಣ, ಕಷ್ಟಕ್ಕೆ ಕಾರಣ ಕೇಳೋಣ ಎನ್ನುತ್ತಾರೆ. ನಮಗೂ ಇಡಿಸಿದರು; ನಾಗದೋಷ ಎಂದು ಬಂತು, ನಾಗನಿಗೆ ಪೂಜೆ ಸಲ್ಲಿಸುವ ತಂಬಿಲ ಆಯಿತು, ದುಡ್ಡೂ ಆಯಿತು, ನಿದ್ದೆ ಮಾತ್ರ ಬರಲಿಲ್ಲ. ನಾಗನ ಮೇಲೆ ನನಗೆ ಭಯಭಕ್ತಿ ಇದ್ದೇ ಇದೆ. ಆದರೆ ಸಾಲ ಮಾಡಿ ಪರಿಹಾರ ಮಾಡಿಸಬೇಡಿ, ಪರಿಹಾರ ಮುಗಿಯಲಿ ಎಂದು ವೈದ್ಯರನ್ನು ಮುಂದೂಡಲೂಬೇಡಿ. ಕೊನೆಗೆ ವೈದ್ಯರ ಬಳಿ ಹೋದಾಗ ಮೊದಲು ರಕ್ತ ಪರೀಕ್ಷೆ ಮಾಡಿಸಿದರು, ಥೈರಾಯ್ಡ್ ಕಡಿಮೆಯಿದ್ದರೂ ಮನಸ್ಸು ಹೀಗೆ ಕುಗ್ಗುತ್ತದಂತೆ. ನನ್ನದು ಬಾಣಂತಿಯರಿಗೆ ಬರುವ ಖಿನ್ನತೆ. ಮಾತ್ರೆ ತೆಗೆದುಕೊಂಡೆ. ಹೇಳಲು ನಾಚಿಕೆಯಿಲ್ಲ.

ಭಾಷೆಯ ಭಯವಿದ್ದರೆ 14416ಕ್ಕೆ ಕರೆ ಮಾಡಿ. ಇದು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್, ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಹಣವಿಲ್ಲ, ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಕೇರಳದ ಆರೋಗ್ಯ ಸಹಾಯವಾಣಿ ‘ದಿಶಾ’ದ ಸಂಖ್ಯೆ 1056. ಬದುಕೇ ಬೇಡ ಎನ್ನಿಸಿದ ರಾತ್ರಿ ಬೆಳಗಾಗಲಿ ಎಂದು ಕಾಯಬೇಡಿ; ಮನೆಯವರನ್ನು ಎಬ್ಬಿಸಿ, ಕರೆ ಮಾಡಿ, ಒಬ್ಬರೇ ಇರಬೇಡಿ. ವಾರ್ಡಿನ ಆಶಾ ಕಾರ್ಯಕರ್ತೆಯ ಪರಿಚಯವನ್ನೂ ಮಾಡಿಕೊಳ್ಳಿ. ಯಾವ ಆಸ್ಪತ್ರೆಯಲ್ಲಿ ಕನ್ನಡ ಬಲ್ಲ ವೈದ್ಯರಿದ್ದಾರೆ ಎಂಬುದು ಅವರಿಗೆ ಗೊತ್ತಿರುತ್ತದೆ.

ಇನ್ನು ದೇವರು. ಮಧೂರಿನ ಗಣಪತಿ ದೇವಸ್ಥಾನಕ್ಕೆ ಎಲ್ಲರೂ ಕರೆದುಕೊಂಡು ಹೋಗುತ್ತಾರೆ, ಅಪ್ಪದ ಪ್ರಸಾದ ತಿನ್ನಿಸುತ್ತಾರೆ. ನನ್ನ ಮಾತು ಕೇಳುವುದಾದರೆ ಜನ ಕಡಿಮೆಯಿರುವ ದಿನ ಒಬ್ಬರೇ ಹೋಗಿ ಕುಳಿತು ಬನ್ನಿ. ಜೋರು ಮಳೆಗೆ ಮಧುವಾಹಿನಿ ಹೊಳೆ ಉಕ್ಕಿ ದೇವಸ್ಥಾನದ ಅಂಗಳಕ್ಕೇ ನೀರು ಬರುವುದುಂಟು. ಗಣಪತಿಯೂ ನೀರಿನ ನಡುವೆಯೇ ಇರುತ್ತಾನಲ್ಲ ಎಂದು ನೋಡಿದಾಗ ನನಗೇನೋ ಹಗುರವೆನಿಸಿತ್ತು. ಕ್ರೈಸ್ತರಾದರೆ ಬೇಳದ ಇಗರ್ಜಿ ಇದೆ, ಅದು ವ್ಯಾಕುಲ ಮಾತೆಯ ಹೆಸರಿನದು. ಮುಸ್ಲಿಮರಿಗೆ ತಳಂಗರೆಯ ಮಾಲಿಕ್ ದೀನಾರ್ ಮಸೀದಿ ದೂರವಲ್ಲ. ಮುತ್ತಪ್ಪ ದೈವದ ತೆಯ್ಯಂ, ಅಂದರೆ ವೇಷ ಕಟ್ಟಿದವರ ಮೈಮೇಲೆ ದೈವ ಬರುವ ಆರಾಧನೆ, ಎಲ್ಲಾದರೂ ಇದ್ದರೆ ತಪ್ಪಿಸಬೇಡಿ. ದೈವ ನಿಮ್ಮ ಕೈ ಹಿಡಿದು ಕಷ್ಟ ಕೇಳುತ್ತದೆ, ಜಾತಿ ಕೇಳುವುದಿಲ್ಲ. ಅದು ಮಲಯಾಳದಲ್ಲಿ ಹೇಳಿದ್ದು ನನಗೆ ಕಾಲುಭಾಗವೂ ತಿಳಿಯಲಿಲ್ಲ, ನಾನು ಕನ್ನಡದಲ್ಲಿ ಅತ್ತದ್ದು ಅದಕ್ಕೆ ತಿಳಿಯಿತೋ ಏನೋ. ಕೈಯನ್ನಂತೂ ತುಂಬ ಹೊತ್ತು ಬಿಡಲಿಲ್ಲ.

ದೊಡ್ಡ ಕ್ಷೇತ್ರಗಳಿಗಿಂತ ನನಗೆ ಆಸರೆಯಾದದ್ದು ಊರಿನ ಭಜನಾ ಮಂದಿರ. ನಮ್ಮಲ್ಲಿ ವಾರಕ್ಕೊಂದು ಸಂಜೆ ಭಜನೆ. ಮೊದಲ ದಿನ ಹಿಂದೆ ಗೋಡೆಗೊರಗಿ ಕುಳಿತಿದ್ದೆ. ಒಬ್ಬ ಅಜ್ಜಿ ಏನೂ ಹೇಳದೆ ನನ್ನ ಕೈಗೆ ತಾಳ ಕೊಟ್ಟರು. ಹಾಡಿಡೀ ತಪ್ಪು ತಾಳ ಹಾಕಿದೆ, ಮುಂದೆ ಕುಳಿತವರು ಒಮ್ಮೆ ತಿರುಗಿ ನೋಡಿ ಹಾಡು ಮುಂದುವರಿಸಿದರು. ನಿಮಗೂ ಕೊಟ್ಟರೆ ಬೇಡವೆನ್ನಬೇಡಿ. ಮಂಗಳಾರತಿಯಾದ ಮೇಲೆ ಬೆಲ್ಲದ ಅವಲಕ್ಕಿ ಹಂಚುತ್ತಾರೆ, ಬಾಳೆಲೆಯ ತುಂಡೊಂದನ್ನು ಮನೆಯಿಂದಲೇ ತನ್ನಿ. ಅಲ್ಲಿ ಯಾವಾಗಲೂ ಸಾಲದೆ ಹೋಗುತ್ತದೆ.