ಒಂದೇ ತಾಮ್ರದ ಪ್ಲೇಟು, ಎಂಟು ದೃಶ್ಯ

ಎರಡು ಪ್ರದರ್ಶನಗಳು ಗೊತ್ತಾಗಿವೆ. ಮುಂದಿನ ತಿಂಗಳಿನದು ಏಕವ್ಯಕ್ತಿ ಪ್ರದರ್ಶನ. ತಗಡಿನಲ್ಲಿ ಚಿತ್ರ ಕೊರೆದು, ಶಾಯಿ ತುಂಬಿ, ಕಾಗದಕ್ಕೆ ಅಚ್ಚೊತ್ತುವ ಕ್ರಮದಲ್ಲಿ ಒಂದೇ ತಾಮ್ರದ ಪ್ಲೇಟಿನಿಂದ ತೆಗೆದ ಎಂಟು ದೃಶ್ಯಗಳ ಕಥನ ಸರಣಿ ಅಲ್ಲಿ ಪೂರ್ತಿಯಾಗಿ ಗೋಡೆಗೇರುತ್ತದೆ. ವರ್ಷದ ಕೊನೆಗೆ ಬರುವುದು ಸಮೂಹ ಪ್ರದರ್ಶನ. ಅದೇ ಕತೆಯ ಎಣ್ಣೆವರ್ಣದ ಕ್ಯಾನ್ವಾಸ್‌ಗಳನ್ನು ಅಲ್ಲಿ ಇಡುತ್ತೇನೆ. "ಮೂರನೆಯ ದೃಶ್ಯಕ್ಕೇ ತಗಡು ಕೈಕೊಡುತ್ತದೆ, ನೋಡುತ್ತಿರು" ಎಂದಿದ್ದ ಗೆಳೆಯರಿಗೆ ಆಹ್ವಾನ ಪತ್ರಿಕೆ ಎಲ್ಲರಿಗಿಂತ ಮೊದಲೇ ತಲುಪಿದೆ.

ಕತೆ ನಡೆಯುವುದು ಒಂದೇ ಕೋಣೆಯಲ್ಲಿ. ಮೊದಲ ದೃಶ್ಯದಲ್ಲಿ ಕೋಣೆ ತುಂಬ ಜನ, ಸಾಮಾನು. ಆಮೇಲೆ ಅಣ್ಣತಮ್ಮಂದಿರು ಪಾಲಾಗುತ್ತಾರೆ. ಮಂಚ ಹೋಗುತ್ತದೆ, ಕಪಾಟು ಹೋಗುತ್ತದೆ, ಜನರೂ ಒಬ್ಬೊಬ್ಬರಾಗಿ ಹೋಗುತ್ತಾರೆ. ಎಂಟನೆಯದರಲ್ಲಿ ಗೋಡೆ, ಕಿಟಕಿ, ಒಬ್ಬ ಮುದುಕಿ. ಪ್ರತಿ ದೃಶ್ಯಕ್ಕೂ ಹೊಸ ಪ್ಲೇಟು ಹಿಡಿಯುವುದು ಎಲ್ಲರೂ ಮಾಡುವ ಕೆಲಸ. ನನಗೆ ಬೇಕಾಗಿದ್ದದ್ದು ಬೇರೆ. ಗಡಿಯಾರ ತೆಗೆದ ಗೋಡೆಯಲ್ಲಿ ಅದರ ದುಂಡನೆಯ ಕಲೆ ಉಳಿಯುತ್ತದಲ್ಲ, ಅದನ್ನು ನಾನು ಬರೆಯಬಾರದು, ಪ್ಲೇಟೇ ಉಳಿಸಿಕೊಳ್ಳಬೇಕು. ಹಾಗಾಗಿ ಒಂದು ದೃಶ್ಯದ ಎಡಿಷನ್, ಅಂದರೆ ಗೊತ್ತುಮಾಡಿದಷ್ಟು ಪ್ರತಿಗಳನ್ನು, ಪೂರ್ತಿ ತೆಗೆದ ಮೇಲೆ ಅದೇ ಪ್ಲೇಟನ್ನು ಹೆರೆದು, ಉಜ್ಜಿ, ಮುಂದಿನ ದೃಶ್ಯ ಕೊರೆಯುವುದೆಂದು ನಿರ್ಧರಿಸಿದೆ. ಹಿಂದಕ್ಕೆ ಹೋಗುವ ದಾರಿಯೇ ಇಲ್ಲ.

ಇದರಲ್ಲಿ ಹೊಸತೇನು ಎಂದು ಕೇಳಿದವರಿದ್ದಾರೆ. ರೆಂಬ್ರಾಂಟ್ 1653ರ 'ಮೂರು ಶಿಲುಬೆಗಳು' ಪ್ಲೇಟನ್ನು ನಾಲ್ಕನೆಯ ಹಂತದಲ್ಲಿ ಗುರುತು ಸಿಗದಷ್ಟು ಬದಲಿಸಿದ, ಹಲವು ಆಕೃತಿಗಳನ್ನೇ ಅಳಿಸಿದ, ಇಡೀ ದೃಶ್ಯಕ್ಕೆ ಕತ್ತಲು ಕವಿಸಿದ. ಪಿಕಾಸೊ 1945–46ರಲ್ಲಿ ಕಲ್ಲಚ್ಚಿನಲ್ಲಿ ಒಂದು ಗೂಳಿಯನ್ನು 11 ಹಂತಗಳಲ್ಲಿ ಕರಗಿಸುತ್ತಾ ಕೊನೆಗೆ ನಾಲ್ಕಾರು ಗೆರೆಗಳಿಗೆ ಇಳಿಸಿದ. ಒಪ್ಪಿದೆ. ಆದರೆ ಅವು ಒಂದೇ ಚಿತ್ರದ ಹಂತಗಳು. ನನ್ನ ಪ್ಲೇಟಿನಲ್ಲಿ ಹಂತ ಬದಲಾದರೆ ಕತೆಯಲ್ಲಿ ಕಾಲ ಮುಂದೆ ಹೋಗುತ್ತದೆ.

ಮೊದಲು ಹಿಡಿದದ್ದು ಸತುವಿನ ಪ್ಲೇಟು, ಸುಮಾರು ಒಂದು ಮಿಲಿಮೀಟರ್ ದಪ್ಪದ್ದು. ಅಗ್ಗ ಎಂಬುದೊಂದೇ ಕಾರಣ. ನಾಲ್ಕನೆಯ ದೃಶ್ಯದ ಹೊತ್ತಿಗೆ ಹೆರೆದ ಜಾಗವೆಲ್ಲ ತಟ್ಟೆಯಂತೆ ಕುಳಿಬಿದ್ದಿತ್ತು. ಒರೆಸಿದಷ್ಟೂ ಶಾಯಿ ಆ ಕುಳಿಯಲ್ಲೇ ನಿಲ್ಲುತ್ತಿತ್ತು. ಹಿಂದಿನಿಂದ ತಟ್ಟಿ ಮೇಲೆತ್ತೋಣವೆಂದರೆ ತೆಳು ತಗಡು, ಒಂದು ಕಡೆ ಏರಿದರೆ ಇನ್ನೊಂದು ಕಡೆ ಸೊಟ್ಟ. ಸಾಲದ್ದಕ್ಕೆ ಕಿಟಕಿಯ ಬಿಸಿಲಿಗೆ ಹಚ್ಚಿದ ಹಳದಿ ಶಾಯಿ ಸತುವಿನ ಮೇಲೆ ಹಸಿರುಗಟ್ಟಿತು. ಆ ಸರಣಿ ಪೂರ್ತಿ ಮೂಲೆ ಸೇರಿತು. ಅದರ ಜೊತೆಗೆ ಸುಮಾರು 70 ಹಾಳೆ ಒಳ್ಳೆಯ ಹತ್ತಿಕಾಗದವೂ ಹೋಯಿತು. ನೋವಾದದ್ದು ತಗಡಿಗಲ್ಲ, ಆ ಕಾಗದಕ್ಕೆ.

ತಾಮ್ರಕ್ಕೆ ಬಂದ ಮೇಲೆ ಒಂದೂವರೆ ಮಿಲಿಮೀಟರಿಗಿಂತ ತೆಳುವಾದದ್ದನ್ನು ಮುಟ್ಟಲಿಲ್ಲ. ಬೆಲೆ ಸತುವಿನ ಮೂರು ಪಟ್ಟಿಗಿಂತ ಹೆಚ್ಚಾಯಿತು, ಆದರೆ ಎಂಟು ಪ್ಲೇಟು ಕೊಳ್ಳುವ ಕಡೆ ಒಂದೇ ಕೊಂಡದ್ದರಿಂದ ಲೆಕ್ಕ ಸರಿಹೋಯಿತು. ಇಡೀ ಕೆಲಸ ಕುಳಿತಿರುವುದು ಹೆರೆಯುವುದರಲ್ಲಿ. ಸ್ಕ್ರೇಪರನ್ನು ಒಂದೇ ದಿಕ್ಕಿಗೆ ಎಳೆದರೆ ಸಾಲು ಬೀಳುತ್ತದೆ. ದಿಕ್ಕು ಬದಲಿಸುತ್ತಾ, ಆಳವಾದ ಗೆರೆಯ ಸುತ್ತ ಅಗಲವಾಗಿ ಹರಡಿಕೊಂಡು ಹೆರೆಯಬೇಕು. ಆಮೇಲೆ ಎಣ್ಣೆ ಹಾಕಿ ಇದ್ದಿಲಿನಿಂದ ಉಜ್ಜುವುದು, ಕೊನೆಗೆ ಬರ್ನಿಶರ್ ಎಂಬ ನುಣುಪಾದ ಉಕ್ಕಿನ ಸಲಕರಣೆಯಿಂದ ತಿಕ್ಕಿ ನಯಗೊಳಿಸುವುದು. ಕುಳಿಬಿದ್ದ ಜಾಗವನ್ನು ಇಕ್ಕಳದಂಥ ಕ್ಯಾಲಿಪರಿನಿಂದ ಹಿಂಬದಿಗೆ ಗುರುತು ಹಾಕಿಕೊಂಡು, ಪ್ಲೇಟನ್ನು ಬೋರಲು ಮಲಗಿಸಿ, ದುಂಡುತಲೆಯ ಸುತ್ತಿಗೆಯಿಂದ ಮೆಲ್ಲನೆ ತಟ್ಟಬೇಕು. ಬೆರಳಿನ ತುದಿ ಸವರಿದರೆ ಎಲ್ಲಿ ಇನ್ನೂ ತಗ್ಗಿದೆ ಎಂಬುದು ಕಣ್ಣಿಗಿಂತ ಮೊದಲು ತಿಳಿಯುತ್ತದೆ. ಅಕ್ವಾಟಿಂಟ್, ಅಂದರೆ ರೋಸಿನ್ (ರಾಳ) ಪುಡಿ ಉದುರಿಸಿ, ಕಾಯಿಸಿ ಅಂಟಿಸಿ, ಆಮ್ಲದಿಂದ ನೆರಳಿನ ಛಾಯೆ ಕೊರೆಸುವ ಕೆಲಸ, ಶುರುಮಾಡುವ ಮೊದಲು ಆ ಎಣ್ಣೆಯ ಜಿಡ್ಡು ಪೂರ್ತಿ ಹೋಗಬೇಕು. ಚೂರು ಉಳಿದರೂ ತಾಮ್ರವನ್ನು ಕೊರೆಯುವ ಫೆರಿಕ್ ಕ್ಲೋರೈಡ್ ದ್ರಾವಣ ಅಲ್ಲಿ ಕಚ್ಚುವುದಿಲ್ಲ, ಚಿತ್ರದಲ್ಲಿ ಬೆಳ್ಳನೆಯ ಮಚ್ಚೆ ಬೀಳುತ್ತದೆ.

ಹಳೆಯ ದೃಶ್ಯದ ನೆರಳನ್ನು ಎಷ್ಟು ಉಳಿಸಬೇಕು, ಎಲ್ಲಿ ಪೂರ್ತಿ ಅಳಿಸಬೇಕು ಎಂಬುದನ್ನು ಎಲ್ಲರೂ ಕೇಳುತ್ತಾರೆ. ಆರನೆಯ ದೃಶ್ಯದಲ್ಲಿ ಮಂಚವಿದ್ದ ಜಾಗವನ್ನು ಹತ್ತಿರದಿಂದ ನೋಡಿದವರಿಗೆ ಮಲಗಿದ್ದವನ ಭುಜದ ಗೆರೆ ಕಾಣುತ್ತದೆ, ದೂರ ಸರಿದರೆ ಕಾಣುವುದಿಲ್ಲ. ಅದು ಹೇಗಾಯಿತೆಂದು ಸದ್ಯಕ್ಕೆ ಹೇಳುವುದಿಲ್ಲ. ಬರ್ನಿಶರಿನ ಒತ್ತಡವಷ್ಟೇ ಅಲ್ಲ, ರೋಸಿನ್ ಪುಡಿಯ ಕಣದ ಗಾತ್ರಕ್ಕೂ ಅದರಲ್ಲಿ ಪಾತ್ರವಿದೆ ಎಂಬಲ್ಲಿಗೆ ಬಿಡುತ್ತೇನೆ.

ನಡುವೆ ಒಂದು ಅಡ್ಡದಾರಿ ಹಿಡಿದೆ. ಅಚ್ಚಿನಲ್ಲಿ ಎಡಬಲ ತಿರುಗುತ್ತದೆ, ಕಥನ ಚಿತ್ರಕ್ಕೆ ಇದು ದೊಡ್ಡ ತಲೆನೋವು. ಎಡದಿಂದ ಬಲಕ್ಕೆ ಓದುವ ಕಣ್ಣಿಗೆ ಬಲದ ಬಾಗಿಲಿನತ್ತ ನಡೆಯುವವನು ಹೋಗುತ್ತಿರುವವನು. ಎಡಕ್ಕೆ ನಡೆಯುವವನು ಮರಳುತ್ತಿರುವವನು. ಐದನೆಯ ದೃಶ್ಯದ ಹಸಿ ಅಚ್ಚಿನ ಮೇಲೆ ಇನ್ನೊಂದು ಒದ್ದೆ ಹಾಳೆ ಹಾಸಿ ಮತ್ತೊಮ್ಮೆ ಪ್ರೆಸ್ಸಿಗೆ ಕೊಟ್ಟೆ. ಹೊರಟುಹೋದ ತಮ್ಮ, ತಿರುಗಿದ ಮಸುಕು ಬಿಂಬದಲ್ಲಿ ಮನೆಗೆ ಮರಳಿದ! ಹತ್ತಾರು ತೆಗೆದರೂ ಚೆನ್ನಾಗಿ ಬಂದವು ಐದೋ ಆರೋ. ಅವು ಸರಣಿಗೆ ಸೇರಿದವಲ್ಲ; ಪಕ್ಕದ ಚಿಕ್ಕ ಗೋಡೆಯಲ್ಲಿ ಬೇರೆಯಾಗಿ ತೂಗುಹಾಕುತ್ತೇನೆ.

ಇನ್ನು ದುಡ್ಡು. ಪ್ರತಿ ದೃಶ್ಯಕ್ಕೆ 15 ಪ್ರತಿಗಳ ಎಡಿಷನ್, ಜೊತೆಗೆ ಕಲಾವಿದ ತನಗೆಂದು ಇಟ್ಟುಕೊಳ್ಳುವ ಒಂದೆರಡು ಆರ್ಟಿಸ್ಟ್ ಪ್ರೂಫ್. ಅಷ್ಟು ಪ್ರತಿಗೆ ಅಕ್ವಾಟಿಂಟ್ ಸವೆಯುವುದಿಲ್ಲ; ಡ್ರೈಪಾಯಿಂಟಿನ ಬರ್ (ಸೂಜಿಯಿಂದ ನೇರವಾಗಿ ಗೀರಿದಾಗ ಗೆರೆಯ ಅಂಚಿನಲ್ಲಿ ಏಳುವ ಲೋಹದ ಸಿಬಿರು) ಮಾತ್ರ ಹತ್ತು ದಾಟುವಾಗ ಮಂಕಾಗತೊಡಗುತ್ತದೆ, ಹಾಗಾಗಿ ಮುಖಗಳಿಗೆ ಅದನ್ನು ಬಳಸಲಿಲ್ಲ. ಒಟ್ಟು ಖರ್ಚಿನಲ್ಲಿ ತಗಡು, ಶಾಯಿ, ಆಮ್ಲ ಸೇರಿ ಕಾಲುಭಾಗವೂ ಇಲ್ಲ. ಕಾಗದ ಇನ್ನೊಂದು ಕಾಲುಭಾಗ. ಉಳಿದದ್ದನ್ನೆಲ್ಲ ನುಂಗಿದ್ದು ಫ್ರೇಮು ಮತ್ತು ಗಾಜು. ಮಾರಾಟವಾದರೆ ಗ್ಯಾಲರಿಗೆ ಹತ್ತಿರಹತ್ತಿರ ಅರ್ಧ ಹೋಗುತ್ತದೆ ಎಂಬುದನ್ನು ಓದುಗರಿಗೆ ನಾನು ಹೇಳಬೇಕಾಗಿಲ್ಲ.

ಕೈಯಲ್ಲಿ ಅಷ್ಟು ಹಣವಿರಲಿಲ್ಲ. ಇಂಗ್ಲೆಂಡಿನ ಚಿತ್ರಕಾರ, ಕೆತ್ತನೆಗಾರ ಹೊಗಾರ್ತ್ 1730ರ ದಶಕದಲ್ಲಿ ತನ್ನ ಕಥನ ಸರಣಿಗಳನ್ನು ಮಾರಿದ ಕ್ರಮವನ್ನೇ ಎತ್ತಿಕೊಂಡೆ: ಅರ್ಧ ಹಣ ಮುಂಗಡ, ಉಳಿದದ್ದು ಅಚ್ಚು ಕೈಸೇರಿದಾಗ. ಅವನಿಗೆ ನಕಲು ಮಾಡುವವರ ಕಾಟವಿತ್ತು. 1735ರಲ್ಲಿ ಕೆತ್ತನೆಗಾರರ ಹಕ್ಕಿನ ಕಾಯಿದೆ ಜಾರಿಗೆ ಬರುವವರೆಗೆ ತನ್ನ ಎರಡನೆಯ ಸರಣಿಯನ್ನೇ ತಡೆಹಿಡಿದಿದ್ದ. ನನ್ನ ಗಿರಾಕಿಗಳ ಅನುಮಾನ ಬೇರೆ ಬಗೆಯದು: ಎಡಿಷನ್ ಮುಗಿದ ಮೇಲೆ ಇವನು ಗುಟ್ಟಾಗಿ ಇನ್ನಷ್ಟು ಪ್ರತಿ ತೆಗೆದರೆ? ಮೊದಲ ಏಳು ದೃಶ್ಯಗಳ ಮಟ್ಟಿಗಂತೂ ಇಲ್ಲಿ ಆ ಪ್ರಶ್ನೆಯೇ ಏಳುವುದಿಲ್ಲ. ಪ್ಲೇಟಿಗೆ ಗೀಟೆಳೆದು ರದ್ದು ಮಾಡುವ ಕೆಲಸವನ್ನು ಮುಂದಿನ ದೃಶ್ಯವೇ ಮಾಡಿಬಿಡುತ್ತದೆ. ಇದನ್ನು ವಿವರಿಸಿದ ಮೇಲೆ ಇಡೀ ಸರಣಿಗೆ ಮುಂಗಡ ಕೊಟ್ಟವರು ಹನ್ನೊಂದೋ ಹನ್ನೆರಡೋ ಮಂದಿ. ಕಾಗದ ಮತ್ತು ಫ್ರೇಮಿನ ಖರ್ಚು ಅದರಲ್ಲೇ ಕಳೆಯಿತು. ಸಾಲವಿಲ್ಲದೆ ಪ್ರದರ್ಶನ ಮಾಡುತ್ತಿರುವುದು ನನ್ನ ಮಟ್ಟಿಗೆ ಇದೇ ಮೊದಲು.

ಹಾಗಾಗಿ ಬಿಡಿ ಮಾರಾಟಕ್ಕೆ ಉಳಿದಿರುವುದು ಪ್ರತಿ ದೃಶ್ಯದ ಮೂರು ನಾಲ್ಕು ಪ್ರತಿಗಳು ಮಾತ್ರ. ಮೂರನೆಯದು ಆಗಲೇ ಖಾಲಿ. ಪ್ಲೇಟನ್ನು ಕೊನೆಯ ದೃಶ್ಯದ ಪಕ್ಕದಲ್ಲೇ ಇಡುತ್ತೇನೆ, ಅದು ಮಾರಾಟಕ್ಕಿಲ್ಲ. ಅಡ್ಡಬೆಳಕಿನಲ್ಲಿ ಓರೆಯಾಗಿ ನೋಡಿದರೆ ಸುತ್ತಿಗೆ ಬಿದ್ದ ಜಾಗಗಳು ಕಾಣುತ್ತವೆ. ಸಮೂಹ ಪ್ರದರ್ಶನದ ಕ್ಯಾನ್ವಾಸ್‌ಗಳಲ್ಲಿ ಆರು ಮುಗಿದಿವೆ. ಅವುಗಳಲ್ಲೂ ಹೆರೆದು ಬರೆಯುವ ಇದೇ ಕ್ರಮ ಹಿಡಿದಿದ್ದೇನೆ, ಆದರೆ ಎಣ್ಣೆವರ್ಣಕ್ಕೆ ಒಣಗುವ ಅವಸರವಿಲ್ಲ. ಏಳನೆಯದರ ಕಪಾಟು ಇನ್ನೂ ಕೈಗೆ ಅಂಟುತ್ತಿದೆ.