ಏಳೂವರೆ ಸಾವಿರ ತುಂಡುಗಳ ಫಾಲ್ಕನ್: ಜೋಡಿಸುವುದು ಹೇಗೆ, ಇಡುವುದು ಎಲ್ಲಿ?

ಮೊದಲು ಹಳೆ ಪೇಪರಿನ ಎರಡು ಮೂರು ಹಾಳೆ ಸೇರಿಸಿ ಅಂಟಿಸಿ. 84 ಸೆಂ.ಮೀ. ಉದ್ದ, 56 ಸೆಂ.ಮೀ. ಅಗಲಕ್ಕೆ ಕತ್ತರಿಸಿ. ಈಗ ಅದನ್ನು ಟಿ.ವಿ. ಸ್ಟ್ಯಾಂಡ್ ಮೇಲೆ ಹಾಸಿ ನೋಡಿ. ಪುಸ್ತಕದ ಕಪಾಟಿನಲ್ಲಿ ಹಾಸಿ ನೋಡಿ. ಬಹುತೇಕ ಮನೆಗಳಲ್ಲಿ ಹಾಳೆ ಅಂಚು ದಾಟಿ ಜೋತು ಬೀಳುತ್ತದೆ. ಪ್ಲಾಸ್ಟಿಕ್ ತುಂಡುಗಳನ್ನು ಕಚ್ಚಿಸಿ ಜೋಡಿಸುವ ಆಟಿಕೆ ಮಾಡುವ ಲೆಗೊ ಕಂಪನಿಯ ದೊಡ್ಡ ಮಿಲೇನಿಯಂ ಫಾಲ್ಕನ್ ನೌಕೆಗೆ ಬೇಕಾದ ಜಾಗ ಅಷ್ಟು. ಡಬ್ಬಿ ಕೊಳ್ಳುವ ಮೊದಲೇ ಈ ಕೆಲಸ ಮಾಡಿ. ಜೋಡಿಸಿ ಮುಗಿದ ಮೇಲೆ ಜಾಗ ಹುಡುಕಲು ಹೊರಟರೆ ನೌಕೆ ಊಟದ ಮೇಜಿನ ಮೇಲೇ ಉಳಿದುಬಿಡುತ್ತದೆ. ನಮ್ಮ ಮನೆಯಲ್ಲಿ ಎರಡು ತಿಂಗಳು ಹಾಗೇ ಆಯಿತು.

1977ರಲ್ಲಿ ಬಂದ ಮೊದಲ ಸ್ಟಾರ್ ವಾರ್ಸ್ ಸಿನಿಮಾದಲ್ಲಿ ಕಾಣಿಸಿಕೊಂಡ ಬಾಹ್ಯಾಕಾಶ ನೌಕೆ ಇದು. ಡೆನ್ಮಾರ್ಕಿನ ಬಿಲ್ಲುಂಡ್ ಊರಿನ ಲೆಗೊ ಕಂಪನಿ 2000ನೇ ಇಸವಿಯಿಂದ ಸ್ಟಾರ್ ವಾರ್ಸ್ ನೌಕೆಗಳ ದೊಡ್ಡ ಮಾದರಿಗಳನ್ನು ಸಂಗ್ರಾಹಕರಿಗೆಂದೇ ತರುತ್ತಿದೆ. ಆ ಸಾಲಿನಲ್ಲಿ ಫಾಲ್ಕನ್ ಮೊದಲು 2007ರಲ್ಲಿ ಬಂತು. ಈಗ ಹೇಳುತ್ತಿರುವುದು 2017ರ ಸೆಟ್ ಬಗ್ಗೆ, ಸಂಖ್ಯೆ 75192. ಇದರಲ್ಲಿ 7,541 ತುಂಡುಗಳಿವೆ. ಡಬ್ಬಿಯ ತೂಕವೇ ಸುಮಾರು 13 ಕೆ.ಜಿ.

ಒಂದು ಮಾತು ನೆನಪಿಟ್ಟುಕೊಳ್ಳಿ. ಇದರಲ್ಲಿ ಎಲ್ಲೂ ಅಂಟು ಇಲ್ಲ. ಇಷ್ಟು ಭಾರವನ್ನು ಹಿಡಿದಿರುವುದು ತುಂಡಿಗೆ ತುಂಡು ಕಚ್ಚಿಕೊಂಡ ಬಿಗಿ ಮಾತ್ರ. ಜೋಡಿಸುವಾಗ, ಎತ್ತುವಾಗ, ಇಡುವಾಗ ಮಾಡಬೇಕಾದ್ದೆಲ್ಲ ಇದರಿಂದಲೇ ಹುಟ್ಟುತ್ತದೆ.

ಕೂರುವ ಮುನ್ನ

ಬೆಳಕು ಸರಿ ಇರಲಿ. ಈ ನೌಕೆ ಬಹುಪಾಲು ಬೂದು ಬಣ್ಣ. ಹಳದಿ ಬಲ್ಬಿನ ಕೆಳಗೆ ತಿಳಿಬೂದು ಯಾವುದು, ಕಡುಬೂದು ಯಾವುದು ಅಂತ ಗೊತ್ತಾಗುವುದಿಲ್ಲ. ಬಿಳಿ ಎಲ್‌ಇಡಿ ದೀಪ ಹಾಕಿಕೊಳ್ಳಿ, ಇಲ್ಲವೇ ಹಗಲಲ್ಲೇ ಕೂರಿ.

ಪ್ಲಾಸ್ಟಿಕ್ ಪೊಟ್ಟಣಗಳ ಮೇಲೆ 1ರಿಂದ 17ರವರೆಗೆ ಸಂಖ್ಯೆ ಇರುತ್ತದೆ. ಒಂದು ಸಂಖ್ಯೆಯದು ಪೂರ್ತಿ ಮುಗಿಯುವ ತನಕ ಮುಂದಿನದನ್ನು ಒಡೆಯಬೇಡಿ. ಒಡೆದ ತುಂಡುಗಳನ್ನು ಸ್ಟೀಲ್ ತಟ್ಟೆಗಳಲ್ಲಿ ಹರಡಿ. ಬಣ್ಣದ ಪ್ರಕಾರ ಬೇರೆ ಮಾಡಿ ಪ್ರಯೋಜನವಿಲ್ಲ, ಎಲ್ಲವೂ ಬೂದುಬೂದು ಅಲ್ವಾ? ಆಕಾರ ನೋಡಿ ಬೇರೆ ಮಾಡಿ. ಚಪ್ಪಟೆ ಪ್ಲೇಟುಗಳು ಒಂದು ಕಡೆ, ತೂತಿನ ಪಟ್ಟಿಗಳು ಒಂದು ಕಡೆ, ಪಿನ್ನುಗಳು ಒಂದು ಬಟ್ಟಲಲ್ಲಿ. ಮೇಜಿನ ಮೇಲೆ ಹಳೆ ಬೆಡ್‌ಶೀಟ್ ಹಾಸಿದರೆ ಬಿದ್ದ ತುಂಡು ಪುಟಿದು ಸೋಫಾ ಕೆಳಗೆ ಹೋಗುವುದಿಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಬಾಗಿಲು ಹಾಕುವಂಥ ಕೋಣೆಯಲ್ಲೇ ಮಾಡಿ. ಬಾಯಿಗೆ ಹೋಗುವ ಗಾತ್ರದ ಚೂರುಗಳು ಸಾವಿರಾರು ಇವೆ.

ಚೌಕಟ್ಟು: ಇಲ್ಲಿ ಆತುರ ಬೇಡ

ಶುರುವಿನ ಪೊಟ್ಟಣಗಳಲ್ಲಿ ನೌಕೆಯ ಚಂದ ಕಾಣುವುದಿಲ್ಲ. ತೂತಿನ ಪಟ್ಟಿಗಳನ್ನು ಪಿನ್ ಹಾಕಿ ಸೇರಿಸುತ್ತಾ ಹೋಗುವುದೇ ಕೆಲಸ. ಬೇಸರ ಬಂದು ಕೈ ಓಡಿಸಬೇಕು ಅನ್ನಿಸುತ್ತದೆ. ಆದರೆ ಇಡೀ ನೌಕೆ ನಿಲ್ಲುವುದು ಈ ಅಸ್ಥಿಪಂಜರದ ಮೇಲೆ.

ಪಿನ್ನುಗಳಲ್ಲಿ ಜಾತಿ ಇದೆ. ಕಪ್ಪು ಪಿನ್ ಬಿಗಿ, ಒಮ್ಮೆ ಕೂತರೆ ಅಲ್ಲಾಡುವುದಿಲ್ಲ. ಮರಳಿನ ಬಣ್ಣದ ಪಿನ್ ಸಡಿಲ, ತಿರುಗಬೇಕಾದ ಕಡೆಗೆ ಅದು. ಆಕಾರ ಒಂದೇ ಅಂತ ಒಂದರ ಬದಲು ಇನ್ನೊಂದು ಹಾಕಿದರೆ ಚೌಕಟ್ಟು ಮುಂದೆ ಸಡಿಲಾಗುತ್ತದೆ. ಪಿನ್ ಪೂರ್ತಿ ಒಳಗೆ ಹೋದಾಗ ಸಣ್ಣದಾಗಿ ಟಕ್ ಅನ್ನುತ್ತದೆ. ಆ ಸದ್ದು ಕೇಳುವ ತನಕ ಒತ್ತಿ.

ನನ್ನ ಅನುಭವ ಹೇಳುತ್ತೇನೆ. ಒಂದು ಪಟ್ಟಿಯನ್ನು ಒಂದೇ ಒಂದು ತೂತು ಆಚೆಗೆ ಸೇರಿಸಿಬಿಟ್ಟಿದ್ದೆ. ತೂತಿನಿಂದ ತೂತಿಗೆ ಅಂತರ 8 ಮಿ.ಮೀ. ಅಷ್ಟೇ. ಮೂರು ಪೊಟ್ಟಣ ಮುಗಿದ ಮೇಲೆ ಪಕ್ಕದ ಭಾಗ ಕೂರಿಸಲು ಹೋದರೆ ಬೆರಳು ತೂರುವಷ್ಟು ಸಂದಿ. ಒತ್ತಿದರೂ ಮುಚ್ಚಲಿಲ್ಲ. ಅದೊಂದು ಪಟ್ಟಿಗಾಗಿ ಎರಡು ಸಂಜೆ ಕೂತು ಬಿಚ್ಚಿದೆ. ಅಂದಿನಿಂದ ಜೋಡಿಸುವ ಕ್ರಮ ತೋರಿಸುವ ಪುಸ್ತಕದ ಪ್ರತಿ ಪುಟ ಮುಗಿದ ಮೇಲೆ ತೂತುಗಳನ್ನು ಬೆರಳಿಟ್ಟು ಎಣಿಸುತ್ತೇನೆ, ಎಡಕ್ಕೂ ಬಲಕ್ಕೂ ಲೆಕ್ಕ ಒಂದೇ ಬರುತ್ತದಾ ಅಂತ. ನೀವೂ ಎಣಿಸಿ. ಬಿಚ್ಚುವಾಗ ಉಗುರು, ಹಲ್ಲು ಬೇಡ. ಡಬ್ಬಿಯಲ್ಲೇ ಬರುವ ಕಿತ್ತಳೆ ಬಣ್ಣದ ಮೀಟುಗೋಲು ಸಾಕು.

ತುಂಡು ಕಡಿಮೆ ಬಿದ್ದರೆ ಗಾಬರಿಯಾಗಬೇಡಿ. ಪೊಟ್ಟಣದ ಮೂಲೆ ತಡವಿ, ಪಕ್ಕದ ತುಂಡಿಗೆ ಅಂಟಿಕೊಂಡಿದೆಯಾ ನೋಡಿ. ನಿಜವಾಗಿಯೂ ಇಲ್ಲದಿದ್ದರೆ ಪುಸ್ತಕದ ಕೊನೆಯಲ್ಲಿ ಪ್ರತಿ ತುಂಡಿನ ಸಂಖ್ಯೆ ಇದೆ. ಅದನ್ನು ಕೊಟ್ಟು ಕಂಪನಿಯ ವೆಬ್‌ಸೈಟಿನಲ್ಲಿ ಕೇಳಬಹುದು.

ಒಳಗಿನ ಕೋಣೆ, ಹೊರಗಿನ ಹೊದಿಕೆ

ಚೌಕಟ್ಟು ಮುಗಿದರೆ ಉಳಿದದ್ದು ಹಬ್ಬ. ಒಳಗೆ ಚದುರಂಗದಂಥ ಆಟದ ಮೇಜು, ಸುತ್ತ ಆಸನ, ಹಿಂದೆ ಯಂತ್ರದ ಕೋಣೆ. ಚಾಲಕರು ಕೂರುವ ಕಾಕ್‌ಪಿಟ್ಟಿನಲ್ಲಿ ನಾಲ್ಕು ಗೊಂಬೆ ಕೂರುತ್ತವೆ. ಇಲ್ಲಿ ಹೇಳಿಕೊಡುವಂಥದ್ದು ಜಾಸ್ತಿ ಇಲ್ಲ. ಪುಸ್ತಕ ನೋಡುತ್ತಾ ಖುಷಿಯಿಂದ ಮಾಡಿ.

ಮೇಲ್ಹೊದಿಕೆಯ ಹಲಗೆಗಳಲ್ಲಿ ಮಾತ್ರ ಹುಷಾರು. ಇವುಗಳಲ್ಲಿ ಹಲವು ಚೌಕಟ್ಟಿನ ಮೇಲೆ ಸುಮ್ನೆ ಒರಗಿಕೊಂಡಿರುತ್ತವೆ. ಒಳಗಿನ ಕೋಣೆ ನೋಡಲು ತೆಗೆಯುವಂತಿರಲಿ ಅಂತ ಹೀಗೆ ಮಾಡಿದ್ದಾರೆ. ಸಂದಿ ಕಂಡಿತು ಅಂತ ಒತ್ತಿದರೆ ಪಕ್ಕದ ಹಲಗೆ ಏಳುತ್ತದೆ. ಒತ್ತಬೇಡಿ, ಎತ್ತಿ ಮತ್ತೆ ಇಡಿ.

ನೌಕೆಯ ವಿವರ ಬರೆದಿರುವ ಮಾಹಿತಿ ಫಲಕದ ದೊಡ್ಡ ಸ್ಟಿಕ್ಕರ್ ಅಂಟಿಸಲು ಒಂದು ಉಪಾಯ ಇದೆ. ಒಂದು ಲೋಟ ನೀರಿಗೆ ಒಂದೇ ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ. ಫಲಕದ ಮೇಲೆ ತೆಳ್ಳಗೆ ಸವರಿ, ಮೇಲೆ ಸ್ಟಿಕ್ಕರ್ ಇಡಿ. ಒದ್ದೆ ಇರುವಷ್ಟು ಹೊತ್ತು ಅದು ಜಾರುತ್ತದೆ, ನೆಟ್ಟಗೆ ಮಾಡಿಕೊಳ್ಳಬಹುದು. ಆಮೇಲೆ ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೀರು ಒತ್ತಿ ತೆಗೆದು, ಒಂದು ರಾತ್ರಿ ಬಿಡಿ.

ಎತ್ತುವುದು

ಒಬ್ಬರೇ ಎತ್ತಬೇಡಿ. ಮುಂದಿನ ಎರಡು ಕೊಂಬುಗಳನ್ನು ಹಿಡಿಯಲೇಬೇಡಿ. ಅಂಚನ್ನೂ ಹಿಡಿಯಬೇಡಿ. ಕೈ ನೌಕೆಯ ಅಡಿಗೆ ಹೋಗಬೇಕು. ಕೆಳಗಿನ ಏಳು ಕಾಲುಗಳ ನಡುವೆ ತಡವಿದರೆ ಗಟ್ಟಿ ಚೌಕಟ್ಟು ಸಿಗುತ್ತದೆ. ಅಂಗೈ ಅಲ್ಲಿಗೆ ಕೊಡಿ. ಇಬ್ಬರೂ ಒಟ್ಟಿಗೆ ಎತ್ತಿ, ಮಟ್ಟವಾಗಿ ನಡೆಯಿರಿ. ಇನ್ನೂ ಒಳ್ಳೆಯದು ಅಂದರೆ, ನೌಕೆಯನ್ನು ಮೊದಲಿನಿಂದಲೇ ಒಂದು ಪ್ಲೈವುಡ್ ಹಲಗೆಯ ಮೇಲೆ ಕಟ್ಟುವುದು. ಆಗ ನೀವು ಎತ್ತುವುದು ಹಲಗೆಯನ್ನು.

ಇಡುವ ಜಾಗ

ಮೂರು ದಾರಿ ಇವೆ. ಆಳದ ಶೆಲ್ಫ್ ಇದ್ದರೆ ಅಲ್ಲೇ ಇಡಿ, ಹಲಗೆ ನಡುವೆ ಬಗ್ಗದಂತೆ ಕೆಳಗೊಂದು ಆಧಾರ ಕೊಡಿಸಿ. ಆಳ ಸಾಲದಿದ್ದರೆ ನೌಕೆಯನ್ನು ಓರೆಯಾಗಿ ನಿಲ್ಲಿಸುವ ಅಕ್ರಿಲಿಕ್ ಸ್ಟ್ಯಾಂಡ್ ಸಿಗುತ್ತದೆ. ಆದರೆ ಓರೆಯಾದಷ್ಟೂ ಒರಗಿಕೊಂಡ ಹಲಗೆಗಳು ಜಾರುತ್ತವೆ, ಅದು ಗೊತ್ತಿರಲಿ.

ನನಗೆ ಇಷ್ಟವಾದದ್ದು ಮೂರನೆಯದು, ಗಾಜಿನ ಮುಚ್ಚಳದ ಟೀಪಾಯಿ. ನೌಕೆಯ ಎತ್ತರ ಬರೀ 21 ಸೆಂ.ಮೀ. ಆದ್ದರಿಂದ ಟೀಪಾಯಿ ಒಳಗೆ ಆರಾಮಾಗಿ ಕೂರುತ್ತದೆ. ಬಡಗಿಗೆ ಒಳಗಿನ ಅಳತೆ ಹೇಳಿ: ಉದ್ದ 95, ಅಗಲ 70, ಎತ್ತರ 30 ಸೆಂ.ಮೀ. "ಒಳಗಿನ" ಅನ್ನುವುದನ್ನು ಒತ್ತಿ ಹೇಳಿ. ಹೊರಗಿನ ಅಳತೆ ಅಂದುಕೊಂಡರೆ ಮರದ ದಪ್ಪ ಕಳೆದುಹೋಗುತ್ತದೆ. ಮೇಲಿನಿಂದ ನೋಡುವಾಗ ಆ ದುಂಡು ಆಕಾರ, ಪೈಪುಗಳು, ಆರು ಗಾಳಿಕಿಂಡಿಗಳು ಎಲ್ಲ ಒಟ್ಟಿಗೆ ಕಾಣುತ್ತವೆ. ಶೆಲ್ಫಿನಲ್ಲಿ ಅಷ್ಟು ಕಾಣುವುದಿಲ್ಲ.

ಎಲ್ಲೇ ಇಟ್ಟರೂ ಕಿಟಕಿಯ ಬಿಸಿಲು ಬೀಳಬಾರದು. ಬಿಸಿಲಿಗೆ ಬೂದು ಬಣ್ಣ ನಿಧಾನವಾಗಿ ಹಳದಿಗೆ ತಿರುಗುತ್ತದೆ, ಹಿಂದೆ ಬರುವುದು ಕಷ್ಟ.

ಧೂಳಿಗೆ ಮೇಕಪ್ ಬ್ರಷ್ ಮತ್ತು ಕ್ಯಾಮೆರಾ ಒರೆಸುವವರ ರಬ್ಬರ್ ಗಾಳಿಬುರುಡೆ ಸಾಕು. ಬಿಟ್ಟರೆ ಧೂಳಿಗೆ ಅಡುಗೆಮನೆಯ ಜಿಡ್ಡೂ ಸೇರಿ ಮೆತ್ತಿಕೊಳ್ಳುತ್ತದೆ. ಆಗ ತುಂಡುಗಳನ್ನು ಬಿಚ್ಚಿ ಉಗುರುಬೆಚ್ಚಗಿನ ಸೋಪು ನೀರಲ್ಲಿ ತೊಳೆಯಬೇಕು. ನೀರು 40 ಡಿಗ್ರಿ ದಾಟಬಾರದು. ಸ್ಟಿಕ್ಕರ್ ಇರುವ ತುಂಡನ್ನು ನೆನೆಸಬೇಡಿ. ಹೇರ್ ಡ್ರೈಯರ್ ಬೇಡ, ನೆರಳಲ್ಲಿ ಟವೆಲ್ ಮೇಲೆ ಹರಡಿ.

ಡಬ್ಬಿಯಲ್ಲಿ ಎರಡು ಆಂಟೆನಾ ಬರುತ್ತವೆ. ದುಂಡನೆಯದು ಹಳೆ ಸಿನಿಮಾಗಳದ್ದು, ಆಯತಾಕಾರದ್ದು 2015ರ ಸಿನಿಮಾದಲ್ಲಿ ಬಂದದ್ದು. ಗೊಂಬೆಗಳಲ್ಲೂ ಹಳೆ ತಂಡ, ಹೊಸ ತಂಡ ಅಂತ ಇವೆ. ದುಂಡು ಆಂಟೆನಾ ಹಾಕಿದಾಗ ಹಳೆ ತಂಡವನ್ನೇ ಕಾಕ್‌ಪಿಟ್ಟಿನಲ್ಲಿ ಕೂರಿಸಿ. ಬಳಸದ ಆಂಟೆನಾವನ್ನು ಉಳಿದ ಬಿಡಿ ತುಂಡುಗಳ ಜೊತೆ ಜಿಪ್ ಕವರಿನಲ್ಲಿ ಹಾಕಿ, ನೌಕೆ ಇಟ್ಟ ಹಲಗೆಯ ಅಡಿಗೆ ಟೇಪಿನಿಂದ ಅಂಟಿಸಿಡಿ.