ಕಿಸುಮುವಿನಲ್ಲಿ ಎಣಿಸಿದ ಆರು ವಾರ

ಕೀನ್ಯಾದ ಕಿಸುಮುವಿನಲ್ಲಿ ಸುನ್ನತಿಗೆಂದು ಬರುವ ಗಂಡಸರಿಗೆ ಆಪ್ತಸಮಾಲೋಚನೆ ನೀಡುವ ಕೆಲಸಕ್ಕೆ ನಾನು ಸೇರಿದಾಗ, ಕರ್ನಾಟಕದಿಂದ ಹೋದ ನನ್ನ ಮನಸ್ಸಿನಲ್ಲಿ ಸುನ್ನತಿಯೆಂದರೆ ಧರ್ಮದ ಆಚರಣೆ ಎಂಬ ಕಲ್ಪನೆಯಷ್ಟೇ ಇತ್ತು. ಅಲ್ಲಿಯ ಲುಓ ಜನರಿಗೆ ಅದು ಧರ್ಮವೂ ಅಲ್ಲ, ಸಂಪ್ರದಾಯವೂ ಅಲ್ಲ. ಸುನ್ನತಿಯ ಬದಲು, ಹರೆಯಕ್ಕೆ ಬಂದವರ ಕೆಳದವಡೆಯ ಆರು ಹಲ್ಲುಗಳನ್ನು ಕೀಳುವುದು ಅವರ ಹಳೆಯ ರೂಢಿಯಾಗಿತ್ತು. ಕಿಸುಮುವಿನಲ್ಲಿ 2,784 ಯುವಕರ ಮೇಲೆ ನಡೆದ ಪ್ರಯೋಗವೂ ಉಗಾಂಡದ ರಾಕಾಯಿ ಮತ್ತು ದಕ್ಷಿಣ ಆಫ್ರಿಕಾದ ಆರೆಂಜ್ ಫಾರ್ಮ್‌ನ ಪ್ರಯೋಗಗಳೂ ಹೆಣ್ಣಿನಿಂದ ಗಂಡಿಗೆ ಎಚ್‌ಐವಿ ತಗಲುವ ಅಪಾಯವನ್ನು ಸುನ್ನತಿ ಶೇ. 60ರ ಆಸುಪಾಸಿನಲ್ಲಿ ತಗ್ಗಿಸುತ್ತದೆಂದು ತೋರಿಸಿದ ಮೇಲೆ, 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಶಿಫಾರಸು ಮಾಡಿತು; ಮರುವರ್ಷ ಕೀನ್ಯಾದಲ್ಲಿ ಕಾರ್ಯಕ್ರಮ ಆರಂಭವಾಯಿತು.

ರಕ್ಷಣೆ ಸಿಕ್ಕಿತೆಂಬ ಧೈರ್ಯದಲ್ಲಿ ಗಂಡಸರು ಕಾಂಡೋಮ್ ಬಿಟ್ಟಾರು ಎಂಬುದೇ ನಮ್ಮೆಲ್ಲರ ಅಂಜಿಕೆಯಾಗಿತ್ತು. ಶೇಕಡಾವಾರು ಲೆಕ್ಕ ಯಾರಿಗೂ ಹಿಡಿಸುತ್ತಿರಲಿಲ್ಲ. ಹೀಗಾಗಿ ಮೀನುಗಾರರ ಮುಂದೆ ಹರಿದ ಬಲೆಯ ಮಾತೆತ್ತಿ, ಹತ್ತು ಮೀನಿನಲ್ಲಿ ನಾಲ್ಕು ನುಸುಳಿಹೋಗುವ ಬಲೆಯೊಂದನ್ನೇ ನಂಬಿ ಸರೋವರಕ್ಕೆ ಇಳಿಯುವಿರಾ ಎಂದು ಕೇಳುತ್ತಿದ್ದೆ. ಮೊದಮೊದಲು ‘ಕಾಂಡೋಮ್ ಬಳಸುತ್ತೀರಾ?’ ಎಂದರೆ ಎಲ್ಲರೂ ಹೌದೆನ್ನುತ್ತಿದ್ದರು. ‘ಕಳೆದ ಸಲ ಯಾರೊಂದಿಗೆ, ಆಗ ಬಳಸಿದಿರಾ?’ ಎಂದು ಬಿಡಿಸಿ ಕೇಳತೊಡಗಿದ ಮೇಲೆಯೇ ನಿಜ ಹೊರಬಂತು. ನಮ್ಮೂರಿನಲ್ಲಿ, ಕನ್ನಡದಲ್ಲಿ, ಇದೇ ಪ್ರಶ್ನೆಯನ್ನು ಕೇಳಲು ನನ್ನ ನಾಲಿಗೆ ಏಳುತ್ತಿತ್ತೋ ಇಲ್ಲವೋ.

ಮುಂದಿನ ಭೇಟಿಗಳಲ್ಲಿ ಅವರ ಉತ್ತರಗಳನ್ನು ಹೋಲಿಸಿದಾಗ ನಾವು ಅಂಜಿದ್ದು ಕಾಣಿಸಲಿಲ್ಲ. ಕಿಸುಮುವಿನ ಪ್ರಯೋಗದಲ್ಲಿಯೂ ಸುನ್ನತಿಯಾದವರು ಮತ್ತು ಆಗದವರು ಇಬ್ಬರಲ್ಲೂ ಅಪಾಯದ ನಡವಳಿಕೆ ಕಡಿಮೆಯೇ ಆಗಿತ್ತು. ಪದೇ ಪದೇ ಸಿಕ್ಕ ಪರೀಕ್ಷೆ ಮತ್ತು ಸಲಹೆ ಇದಕ್ಕೆ ಕಾರಣವಿರಬೇಕೆಂದು ನನ್ನ ಎಣಿಕೆ. ಹಾಗಿದ್ದರೆ ಸಲಹೆಯ ಸಮಯಕ್ಕೆ ಕತ್ತರಿ ಹಾಕಿ ಶಸ್ತ್ರಕ್ರಿಯೆಯ ಸಂಖ್ಯೆಯನ್ನಷ್ಟೇ ಏರಿಸುವುದು ತಪ್ಪು ಲೆಕ್ಕ.

ನಾನು ನಿಜವಾಗಿ ಎಡವಿದ್ದು ಬೇರೆ ಕಡೆ. ಶಸ್ತ್ರಕ್ರಿಯೆಯ ನಂತರ ಆರು ವಾರ ಸಂಭೋಗ ಕೂಡದು, ಏಕೆಂದರೆ ಮಾಯದ ಗಾಯದ ಮೂಲಕ ಸೋಂಕು ಒಳಬರುವುದೂ ಸುಲಭ, ಸೋಂಕಿತನಿಂದ ಹೆಂಡತಿಗೆ ದಾಟುವುದೂ ಸುಲಭ. ಮೇಲಿನ ಚರ್ಮ ಕೂಡಿಕೊಂಡು ನೋವು ನಿಂತರೆ ಸಾಕು, ಗಾಯ ಮಾಯಿತೆಂದೇ ಅವರು ಭಾವಿಸುತ್ತಿದ್ದರು. ಎಷ್ಟೋ ಮಂದಿ, ಅದರಲ್ಲೂ ಮದುವೆಯಾದವರು, ನಾಲ್ಕನೆಯ ವಾರಕ್ಕೇ ನಿಯಮ ಮುರಿದುದನ್ನು ಸಂಕೋಚದಿಂದ ಒಪ್ಪಿಕೊಂಡರು. ನನ್ನ ಕಾಂಡೋಮ್ ಪಾಠವೆಲ್ಲ ಆರು ವಾರದ ನಂತರದ ಬದುಕಿಗೆ ಹೊಂದಿಸಿದ್ದಾಗಿತ್ತು, ನಡುವಿನ ದಿನಗಳಿಗೆ ನನ್ನಲ್ಲಿ ಏನೂ ಇರಲಿಲ್ಲ.

ಆಮೇಲೆ ‘ಆರು ವಾರ’ ಎನ್ನುವುದನ್ನು ಬಿಟ್ಟು, ಚೀಟಿಯ ಮೇಲೆ ದಿನಾಂಕವನ್ನೇ ಬರೆದು ಕೊಡತೊಡಗಿದೆ. ಸಾಧ್ಯವಾದಾಗಲೆಲ್ಲ ಹೆಂಡತಿಯನ್ನೂ ಕರೆತರುವಂತೆ ಕೇಳಿಕೊಂಡೆ. ಹಾಗೆ ಬಂದ ಒಬ್ಬಾಕೆ ಚೀಟಿಯನ್ನು ಗಂಡನ ಕೈಯಿಂದ ತೆಗೆದುಕೊಂಡು, ದಿನಾಂಕವನ್ನು ಎರಡು ಸಲ ಓದಿ, ತನ್ನ ಕೈಚೀಲದಲ್ಲಿ ಇಟ್ಟುಕೊಂಡಳು.